ತೆಗೆದುಕೊಂಡ ರಕ್ತದ ಲೆಕ್ಕ

ಪ್ರಶ್ನೆ: ನಾನು ಚಾಮರಾಜನಗರ ಜಿಲ್ಲೆಯ ಕಾಡಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ವೈದ್ಯಾಧಿಕಾರಿಯಾಗಿ ಬಂದು ಎಂಟು ತಿಂಗಳಾಯಿತು. ನಮ್ಮ ವ್ಯಾಪ್ತಿಯಲ್ಲಿ ಸೋಲಿಗ ಬುಡಕಟ್ಟಿನವರ ಒಂಬತ್ತು ಪೋಡುಗಳಿವೆ, ಅಂದರೆ ಅವರ ಸಣ್ಣ ಜನವಸತಿಗಳು. ಔಷಧಿ ಇದೆ, ವಾಹನ ಇದೆ, ಸಿಬ್ಬಂದಿಯೂ ತಕ್ಕಮಟ್ಟಿಗೆ ಇದ್ದಾರೆ. ಆದರೂ ಪೋಡಿನ ಜನ ಬರುವುದಿಲ್ಲ, ಒಮ್ಮೆ ಬಂದವರು ಮತ್ತೆ ಬರುವುದಿಲ್ಲ. ಈ ಡಿಸೆಂಬರಿನಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ತಪಾಸಣೆಗೆಂದು ಹೋದಾಗ ಮೂರು ಪೋಡುಗಳಲ್ಲಿ ಅರ್ಧದಷ್ಟು ಮನೆಗಳು ಖಾಲಿ ಇದ್ದವು. ಮುಂದಿನ ತಿಂಗಳೊಳಗೆ ಗುರಿ ಮುಟ್ಟಬೇಕೆಂಬ ಒತ್ತಡವಿದೆ. ಇವರಲ್ಲಿ ಅರಿವು ಮೂಡಿಸಿ ವಿಶ್ವಾಸ ಗಳಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಿಂದಲೇ ತೊಡಗುತ್ತೇನೆ, ಏಕೆಂದರೆ ತೊಡಕು ಇರುವುದು ಅಲ್ಲಿಯೇ. ‘ಅರಿವು ಮೂಡಿಸಿ ವಿಶ್ವಾಸ ಗಳಿಸುವುದು’ ಎಂಬ ಮಾತು ನಮ್ಮ ಸುತ್ತೋಲೆಗಳಲ್ಲಿ, ತರಬೇತಿ ಕೈಪಿಡಿಗಳಲ್ಲಿ ಎಷ್ಟು ಸವೆದಿದೆಯೆಂದರೆ ಅದರೊಳಗೆ ಅಡಗಿರುವ ಊಹೆ ಈಗ ಯಾರ ಕಣ್ಣಿಗೂ ಬೀಳುವುದಿಲ್ಲ. ಪೋಡಿನ ಜನಕ್ಕೆ ತಿಳಿವಳಿಕೆ ಸಾಲದು, ಆದ್ದರಿಂದ ಅವರು ಬರುವುದಿಲ್ಲ ಎಂಬುದು ಆ ಊಹೆ. ಮೂವತ್ತು ವರ್ಷಗಳ ನನ್ನ ಅನುಭವದಲ್ಲಿ ಸಂಗತಿ ಇದಕ್ಕೆ ತಿರುವುಮುರುವಾಗಿದೆ. ನಮ್ಮ ಆಸ್ಪತ್ರೆಗಳ ವಿಷಯ ಅವರಿಗೆ ಚೆನ್ನಾಗಿಯೇ ತಿಳಿದಿದೆ, ಹಾಗೆ ತಿಳಿದಿರುವುದರಿಂದಲೇ ಬಹಳಷ್ಟು ಜನ ಬರುವುದಿಲ್ಲ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಸಂಸ್ಥೆಯ ಪರವಾಗಿ, ಒಂದೇ ದಿನದಲ್ಲಿ ಒಂದು ಪೋಡಿನ ಸುಮಾರು ಅರವತ್ತು ಜನರ ರಕ್ತ ತೆಗೆದೆ. ಜನ ಯಾವ ತಕರಾರೂ ಇಲ್ಲದೆ ತೋಳು ಚಾಚಿದರು, ನನಗೂ ಹೆಮ್ಮೆಯಾಯಿತು. ಮಾದರಿಗಳು ದೂರದ ಪ್ರಯೋಗಾಲಯಕ್ಕೆ ಹೋದವು, ಅಲ್ಲಿಂದ ಒಂದು ಪಟ್ಟಿಯೂ ಬಂತು. ಅದನ್ನು ವರದಿಯೊಳಗೆ ಸೇರಿಸಿದೆವು. ಆ ಪಟ್ಟಿಯನ್ನು ಪೋಡಿಗೆ ತೆಗೆದುಕೊಂಡು ಹೋಗಬೇಕು ಎಂಬುದು ನನಗೂ ಹೊಳೆಯಲಿಲ್ಲ, ನನ್ನ ಮೇಲಿನವರಿಗೂ ಹೊಳೆಯಲಿಲ್ಲ. ಎರಡು ವರ್ಷದ ನಂತರ ಬೇರೇನೋ ಕೆಲಸಕ್ಕೆ ಅಲ್ಲಿಗೆ ಹೋದಾಗ ಒಬ್ಬ ಅಜ್ಜಿ ಜಗುಲಿಯ ಮೇಲೆ ಕುಳಿತಲ್ಲಿಂದಲೇ, “ಅವತ್ತು ತಕ್ಕೊಂಡೋದ್ರಲ್ಲ ರಕ್ತ, ಅದ್ರಲ್ಲಿ ಏನಿತ್ತಂತೆ ಸಾಮಿ?” ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ವರ್ಷ ಅದೇ ಪೋಡಿಗೆ ಲಸಿಕೆಯವರು ಹೋದಾಗ ಮನೆಗಳು ಖಾಲಿ ಇದ್ದುವೆಂದು ಕೇಳಿದೆ, ಮತ್ತು ಆ ಲಸಿಕೆಯ ವರದಿಯಲ್ಲಿ ‘ಜನರಲ್ಲಿ ಅರಿವಿನ ಕೊರತೆ’ ಎಂದು ಬರೆಯಲಾಗಿತ್ತು. ಆ ಕೊರತೆಯನ್ನು ಉಂಟುಮಾಡಿದವನು ನಾನು ಎಂದು ಯಾರೂ ಬರೆಯಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಇಡುತ್ತೇನೆ. ವಿಶ್ವಾಸ ಎಂಬುದು ಅವರಲ್ಲಿ ನಾವು ಮೂಡಿಸಬೇಕಾದ ಭಾವನೆಯಲ್ಲ. ನಿಮ್ಮ ಕೇಂದ್ರವು ಪೋಡಿನಿಂದ ಏನನ್ನು ತೆಗೆದುಕೊಂಡರೂ, ಅದು ರಕ್ತವಾಗಲಿ, ಹೆಸರಾಗಲಿ, ಆಧಾರ್ ಸಂಖ್ಯೆಯಾಗಲಿ, ಅವರ ಒಂದು ದಿನದ ಕೂಲಿಯಾಗಲಿ, ಅದರ ಲೆಕ್ಕವನ್ನು ಅವರಿಗೆ ಒಪ್ಪಿಸುತ್ತದೆಯೇ, ಒಪ್ಪಿಸದಿದ್ದರೆ ಕೇಳುವ ದಾರಿ ಅವರಿಗಿದೆಯೇ ಎಂಬುದು ಪ್ರಶ್ನೆ. ಉಳಿದುದೆಲ್ಲ ಇದರ ಬೆನ್ನಿಗೆ ಬರುತ್ತದೆ.

ಖಾಲಿ ಮನೆಗಳ ವಿಷಯವನ್ನೇ ಮೊದಲು ನೋಡೋಣ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು. ಪೋಡುಗಳ ದುಡಿಯುವ ಜನ ಗುಂಪುಗುಂಪಾಗಿ ಕೊಡಗಿನ ತೋಟಗಳಿಗೆ ಹೋಗುತ್ತಾರೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ವಂತಕ್ಕೆ ಒಂದಿಷ್ಟು ಕಾಫಿ ಇರುವವರು ಅದರ ಕೊಯ್ಲಿನಲ್ಲಿರುತ್ತಾರೆ. ನೀವು ಕಂಡ ಖಾಲಿ ಮನೆಗಳಲ್ಲಿ ಎಷ್ಟು ಜನ ನಿಮ್ಮನ್ನು ಕಂಡು ದೂರ ಸರಿದವರು, ಎಷ್ಟು ಜನ ಕೂಲಿಗೆ ಹೋದವರು ಎಂದು ವಿಚಾರಿಸಿದ್ದೀರಾ? ಬೇಸಗೆಗೆ ಹೋದರೆ ಜೇನಿನ ಕಾಲ. ಪ್ರತಿಯೊಂದು ಪೋಡಿಗೂ ಒಂದು ವರ್ಷದ ಪಂಚಾಂಗವಿದೆ, ಹಬ್ಬದ ದಿನಗಳಿವೆ, ಸಂತೆಯ ವಾರವಿದೆ. ಅದನ್ನು ಕೇಳಿ ಬರೆದುಕೊಂಡು, ನಿಮ್ಮ ಶಿಬಿರದ ದಿನಗಳನ್ನು ಅದಕ್ಕೆ ಹೊಂದಿಸುವುದು ಅರ್ಧ ದಿನದ ಕೆಲಸ. ಸಂತೆಗೆ ಹೇಗೂ ಊರಿಗೆ ಬರುವ ಜನಕ್ಕೆ ಸಂತೆಯ ದಿನ ಸಂಜೆಯವರೆಗೂ ಬಾಗಿಲು ತೆರೆದಿರುವ ಆಸ್ಪತ್ರೆ ಇದ್ದರೆ, ಅವರು ಬರುವುದಿಲ್ಲ ಎಂಬ ದೂರಿನ ಒಂದು ದೊಡ್ಡ ಪಾಲು ಅಲ್ಲಿಗೇ ಕಳಚುತ್ತದೆ.

ಇದರ ಜೊತೆಗೇ ಸಮಯದ ಇನ್ನೊಂದು ಸಂಗತಿಯನ್ನು ಹೇಳಬೇಕು. ಕಾಡಿನ ಚೆಕ್‌ಪೋಸ್ಟುಗಳು ಕತ್ತಲಾದ ಮೇಲೆ ಮುಚ್ಚುತ್ತವೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷೇಧವಿದೆ, ಒಳರಸ್ತೆಗಳಲ್ಲಿ ಇನ್ನೂ ಬೇಗ. ಆಂಬುಲೆನ್ಸಿಗೆ ವಿನಾಯಿತಿ ಇದೆ ಎಂದು ನಾವು ಸಮಾಧಾನ ಪಡುತ್ತೇವೆ. ಆದರೆ ಆಂಬುಲೆನ್ಸ್ ರೋಗಿಯನ್ನು ಒಯ್ಯುತ್ತದೆಯೇ ಹೊರತು ಮನೆಗೆ ತಂದುಬಿಡುವ ಖಾತರಿ ಎಷ್ಟೋ ಸಲ ಇರುವುದಿಲ್ಲ. ಹಸಿ ಬಾಣಂತಿಯನ್ನು ಸಂಜೆ ನಾಲ್ಕೂವರೆಗೆ ಬಿಡುಗಡೆ ಮಾಡಿದರೆ, ಕೊನೆಯ ಬಸ್ಸು ಇಳಿದು ಆನೆ ಓಡಾಡುವ ದಾರಿಯಲ್ಲಿ ಕೂಸನ್ನು ಹಿಡಿದು ಆಕೆ ಮೂರು ಕಿಲೋಮೀಟರು ನಡೆಯಬೇಕು, ಇಲ್ಲವೇ ಪಟ್ಟಣದ ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯಬೇಕು. ‘ಹೇಳದೆ ಕೇಳದೆ ಓಡಿಹೋದರು’ ಎಂದು ವಾರ್ಡಿನ ಪುಸ್ತಕದಲ್ಲಿ ದಾಖಲಾಗುವ ಎಷ್ಟೋ ಪ್ರಕರಣಗಳು ಬೆಳಗಿನ ಬಸ್ಸು ಹಿಡಿಯಲು ಹೊರಟವರದು. ಪೋಡಿನ ರೋಗಿಗಳ ಬಿಡುಗಡೆ ಬೆಳಗ್ಗೆ ಹನ್ನೊಂದರೊಳಗೆ ಆಗಬೇಕೆಂದು ನೀವು ತಾಲ್ಲೂಕು ಆಸ್ಪತ್ರೆಯವರೊಂದಿಗೆ ಒಂದು ಒಪ್ಪಂದಕ್ಕೆ ಬನ್ನಿ. ಇದಕ್ಕೆ ಯಾವ ಅನುದಾನವೂ ಬೇಡ.

ಇನ್ನು ನೆನಪಿನ ವಿಷಯ. ನೀವು ಬಂದಿರುವ ಜಾಗದ ಇತಿಹಾಸವನ್ನು ತಿಳಿಯದೆ ಈ ಜನರ ಹಿಂಜರಿಕೆ ಅರ್ಥವಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬೆನ್ನಿಗೆ 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಕಾಡಿನೊಳಗೆ ಜಾಗ ಬದಲಿಸುತ್ತ ಬೇಸಾಯ ಮಾಡಿಕೊಂಡಿದ್ದವರು ರಸ್ತೆಬದಿಯ ಪೋಡುಗಳಿಗೆ ಬಂದು ನೆಲೆಸಬೇಕಾಯಿತು. ಬೇಟೆ ನಿಂತಿತು, ಬೇಸಾಯ ನಿಂತಿತು, ಮುಂದೆ ಕಾಡಿನ ಕಿರು ಉತ್ಪನ್ನಗಳನ್ನು ತಂದು ಮಾರುವುದಕ್ಕೂ ಅಡ್ಡಿ ಬಂತು. ಆ ಎಲ್ಲ ಕಾಲದಲ್ಲಿ ಖಾಕಿ ಬಟ್ಟೆಯವರು, ಜೀಪಿನವರು, ಪಟ್ಟಿ ಹಿಡಿದು ಹೆಸರು ಬರೆದುಕೊಳ್ಳುವವರು ಬಂದದ್ದು ಏನನ್ನಾದರೂ ಬಿಡಿಸುವುದಕ್ಕೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಂತರ, 2011ರಲ್ಲಿ, ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಅದೇ ವರ್ಷ ಅದೇ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಒಂದು ಕೈಯಲ್ಲಿ ಹಕ್ಕುಪತ್ರ, ಇನ್ನೊಂದು ಕಡೆಯಲ್ಲಿ ಎತ್ತಂಗಡಿಯ ಅಂಜಿಕೆ. ಈಗ ನಿಮ್ಮ ಜೀಪೂ ಅದೇ ರಸ್ತೆಯಲ್ಲಿ ಬರುತ್ತದೆ, ನಿಮ್ಮ ಕೈಯಲ್ಲೂ ಪಟ್ಟಿ ಇದೆ. ನೀವು ಆರೋಗ್ಯ ಇಲಾಖೆಯವರು, ಅವರು ಅರಣ್ಯ ಇಲಾಖೆಯವರು ಎಂಬ ವ್ಯತ್ಯಾಸ ನಮಗೆ ಕಾಣುವಷ್ಟು ಸ್ಪಷ್ಟವಾಗಿ ಪೋಡಿನ ಬಾಗಿಲಿನಿಂದ ಕಾಣುವುದಿಲ್ಲ. ಆ ಕಾರಣಕ್ಕೇ, ಎಷ್ಟೇ ಅನುಕೂಲವೆನಿಸಿದರೂ, ಅರಣ್ಯ ಇಲಾಖೆಯ ವಾಹನದಲ್ಲಿ ತಪಾಸಣೆಗೆ ಹೋಗಬೇಡಿ.

ಆದಿವಾಸಿ ಎಂಬ ಒಂದೇ ಪದದೊಳಗೆ ಎಲ್ಲರನ್ನೂ ಹಾಕುವುದೂ ಸರಿಯಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42 ಲಕ್ಷ ದಾಟುತ್ತದೆ. ಅದರಲ್ಲಿ ಸೋಲಿಗರು ಸುಮಾರು 34 ಸಾವಿರ, ಜೇನುಕುರುಬರು ಸುಮಾರು 36 ಸಾವಿರ. ಇಡೀ ಪಂಗಡದ ಸರಾಸರಿ ಅಂಕಿಯಲ್ಲಿ ಇವರ ಸಾವುನೋವು ಕಾಣಿಸುವುದೇ ಇಲ್ಲ. ಒಬ್ಬೊಬ್ಬರ ಇತಿಹಾಸವೂ ಬೇರೆ. ಕರಾವಳಿಯ ಕೊರಗರನ್ನು ನೋಡಿ. ರೋಗಿಷ್ಠರ ಕೂದಲು, ಉಗುರುಗಳನ್ನು ಅನ್ನದಲ್ಲಿ ಬೆರೆಸಿ ಕೊರಗರಿಗೆ ತಿನ್ನಿಸಿದರೆ ಕಾಯಿಲೆ ಅವರಿಗೆ ದಾಟಿಹೋಗುತ್ತದೆ ಎಂಬ ಅಜಲು ಪದ್ಧತಿಯನ್ನು ನಿಷೇಧಿಸಲು ನಮ್ಮ ರಾಜ್ಯ 2000ದಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಇತರರ ಕಾಯಿಲೆಯನ್ನು ಹೊರುವ ಪಾತ್ರೆಯೆಂದು ತಲೆಮಾರುಗಟ್ಟಲೆ ಬಳಸಲ್ಪಟ್ಟ ಸಮುದಾಯದ ಮುಂದೆ ಆಸ್ಪತ್ರೆಯವರು ಆರೋಗ್ಯದ ಪಾಠ ಹೇಳುವಾಗ ಗಂಟಲು ಸ್ವಲ್ಪ ತಗ್ಗಬೇಕು. ನಿಮ್ಮ ವ್ಯಾಪ್ತಿಯಲ್ಲಿ ಕೊರಗರಿಲ್ಲ, ಆದರೂ ಇದನ್ನು ಹೇಳಿದ್ದು ಏಕೆಂದರೆ, ಒಂದು ಕಡೆ ಕಲಿತ ಸೂತ್ರವನ್ನು ಇನ್ನೊಂದು ಕಡೆ ಒತ್ತುವುದು ನಮ್ಮ ತರಬೇತಿಗಳ ಹಳೆಯ ಚಾಳಿ.

ಮಾತಿನ ಮರ್ಯಾದೆಯ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಒಂದು ವಾರ ನಿಮ್ಮ ಹೊರರೋಗಿ ವಿಭಾಗದ ಮೂಲೆಯಲ್ಲಿ ಸುಮ್ಮನೆ ಕುಳಿತು ಕೇಳಿ. ಊರಿನ ರೋಗಿಗೆ ‘ಬನ್ನಿ, ಕೂತ್ಕೊಳ್ಳಿ’ ಎನ್ನುವ ಬಾಯಿ ಪೋಡಿನ ಹಿರಿಯರಿಗೆ ‘ಬಾ, ಆ ಕಡೆ ನಿಲ್ಲು’ ಎನ್ನುತ್ತದೆ. ಕೇಳಿದರೆ, ‘ಅವರೇ ಏಕವಚನದಲ್ಲಿ ಮಾತಾಡ್ತಾರಲ್ಲ ಸರ್’ ಎಂಬ ಸಮಜಾಯಿಷಿ ಸಿದ್ಧವಿರುತ್ತದೆ. ಸೋಲಿಗರು ತಮ್ಮೊಳಗೆ ಆಡುವ ಏಕವಚನದಲ್ಲಿ ಸಲುಗೆಯಿದೆ, ಅದು ಎರಡೂ ಕಡೆಯಿಂದ ಸಮನಾಗಿ ನಡೆಯುತ್ತದೆ. ನಮ್ಮ ಏಕವಚನ ಕೆಳಮುಖವಾಗಿ ಮಾತ್ರ ಹರಿಯುತ್ತದೆ, ಮತ್ತು ಅದು ಯಾವುದು ಎಂಬುದು ಕೇಳಿಸಿಕೊಂಡವರಿಗೆ ಕೂಡಲೇ ತಿಳಿಯುತ್ತದೆ. ಹಾಗೆಯೇ ಅವರು ನಿಮ್ಮನ್ನು ‘ಬುದ್ಧೀ’ ಎಂದು ಕರೆದರೆ ಅದನ್ನು ಗೌರವವೆಂದು ತಿಳಿದು ಸುಮ್ಮನಿರಬೇಡಿ, ಅದು ಹಳೆಯ ಜೀತದ ಅಂಗಳದ ಪದ. ಹೆಸರುಗಳನ್ನು ಅವರು ಹೇಳಿದಂತೆಯೇ ಬರೆಯಿರಿ. ತಾಯಿ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಆಯುಷ್ಮಾನ್ ಕಾರ್ಡಿನಲ್ಲಿ ಮತ್ತೊಂದು ಹೆಸರಾಗಿ, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಯೋಜನೆಯ ಕೌಂಟರಿನಲ್ಲಿ ‘ಇವರು ಅವರಲ್ಲ’ ಎಂದು ತಿರಸ್ಕೃತರಾದವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಬರೆದ ತಪ್ಪು ಗುಮಾಸ್ತರದು, ಅಲೆಯುವ ಕಾಲು ಅವರದು.

ನ್ಯೂಜಿಲೆಂಡಿನ ಮಾವೊರಿ ಸಮುದಾಯದ ನರ್ಸ್ ಇರಿಹಪೇಟಿ ರಾಮ್ಸ್‌ಡೆನ್ ಅವರು ಈ ಬಗೆಯ ಅನುಭವಗಳಿಂದಲೇ ‘ಸಾಂಸ್ಕೃತಿಕ ಸುರಕ್ಷತೆ’ ಎಂಬ ವಿಚಾರವನ್ನು ಕಟ್ಟಿದರು, 1990ರ ದಶಕದಲ್ಲಿ ಅದು ಅಲ್ಲಿನ ನರ್ಸಿಂಗ್ ಶಿಕ್ಷಣದ ಭಾಗವಾಯಿತು. ಅದರ ತಿರುಳು ಬಹಳ ಸರಳವಾಗಿದೆ. ಬುಡಕಟ್ಟಿನವರ ಆಚಾರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ನರ್ಸಿನ ಕೆಲಸವಲ್ಲ. ತನ್ನ ಅಧಿಕಾರವನ್ನು, ತನ್ನ ಪೂರ್ವಗ್ರಹವನ್ನು ನೋಡಿಕೊಳ್ಳುವುದು ಆಕೆಯ ಕೆಲಸ, ಮತ್ತು ಸೇವೆ ಸುರಕ್ಷಿತವಾಗಿತ್ತೇ ಎಂದು ತೀರ್ಮಾನಿಸುವವರು ಸೇವೆ ಪಡೆದವರು. ನಮ್ಮಲ್ಲಿ ತದ್ವಿರುದ್ಧ. ‘ಬುಡಕಟ್ಟು ಸಂಸ್ಕೃತಿ ಪರಿಚಯ’ ಎಂದು ಅರ್ಧ ದಿನದ ತರಬೇತಿ, ಸೋಲಿಗರ ಗೊರುಕನ ಕುಣಿತದ ವಿಡಿಯೊ, ಊಟ, ಪ್ರಮಾಣಪತ್ರ. ಕುಣಿತ ನೋಡಿ ಬಂದ ಮರುದಿನವೂ ಸರದಿಯಲ್ಲಿ ‘ಆ ಕಡೆ ನಿಲ್ಲು’ ಎಂಬುದು ಬದಲಾಗುವುದಿಲ್ಲ.

ನಿಮ್ಮ ಸುತ್ತಮುತ್ತ ಕಲಿಯಲು ಬೇಕಾದಷ್ಟಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ್ದು ಒಂದು ಗುಡಿಸಲಿನಿಂದ. ಹೊರಗಿನವರನ್ನು ಕಂಡರೆ ದೂರ ಸರಿಯುತ್ತಿದ್ದ ಜನರ ನಡುವೆ ಅವರು ಉಳಿದುಕೊಂಡರು ಎಂಬುದೇ ಅಲ್ಲಿನ ಮೊದಲ ಚಿಕಿತ್ಸೆ. ಆಸ್ಪತ್ರೆಯ ಹಿಂದೆಯೇ ಶಾಲೆಯೂ ಜೀವನೋಪಾಯದ ಕೆಲಸಗಳೂ ಬಂದವು. ಹೆಗ್ಗಡದೇವನಕೋಟೆಯ ಕಡೆ, 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜೇನುಕುರುಬ, ಕಾಡುಕುರುಬರ ಹಾಡಿಗಳ, ಅಂದರೆ ಅವರ ವಸತಿಗಳ, ನಡುವೆ ಬೆಳೆಯಿತು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರು ಆಸ್ಪತ್ರೆ ಕಟ್ಟುವ ಮೊದಲು ಗೊಂಡ ಜನರನ್ನೇ ಕೇಳಿದರು. ದೊಡ್ಡ ಕಟ್ಟಡ ಹೆದರಿಸುತ್ತದೆ, ಬಿಳಿ ಬಟ್ಟೆ ನಾವು ಹೆಣಕ್ಕೆ ಹೊದಿಸುವ ಬಟ್ಟೆ, ಜೊತೆಗೆ ಬಂದವರಿಗೆ ತಂಗಲು ಜಾಗವಿಲ್ಲ ಎಂಬಂಥ ಉತ್ತರಗಳು ಬಂದವು. ಕೊನೆಗೆ ಕಟ್ಟಿದ ಆಸ್ಪತ್ರೆ ಗುಡಿಸಲುಗಳ ಒಂದು ಹಳ್ಳಿಯಂತಿತ್ತು, ಅದಕ್ಕೆ ಅವರ ದೇವತೆ ದಂತೇಶ್ವರಿಯ ಹೆಸರು ಬಂತು.

ಆದರೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು, ನಿಮ್ಮ ಗಡಿಯಾಚೆಗೇ ಇರುವ ತಮಿಳುನಾಡಿನ ಗೂಡಲೂರು. ಅಲ್ಲಿ ಬೆಟ್ಟಕುರುಂಬ, ಕಾಟ್ಟುನಾಯಕ, ಪಣಿಯ, ಮುಳ್ಳುಕುರುಂಬ ಮುಂತಾದ ಸಮುದಾಯಗಳಿವೆ. ಇವರಲ್ಲಿ ಕೆಲವರ ನುಡಿ ಕನ್ನಡಕ್ಕೆ ಎಷ್ಟು ಸಮೀಪವೆಂದರೆ ಗುಂಡ್ಲುಪೇಟೆಯವರಿಗೆ ಅರ್ಧಕ್ಕರ್ಧ ಅರ್ಥವಾದೀತು. ಅಲ್ಲಿ ಮೊದಲು ಬಂದದ್ದು ಆಸ್ಪತ್ರೆಯಲ್ಲ, ಭೂಮಿಯ ಹಕ್ಕಿಗಾಗಿ ಕಟ್ಟಿದ ಆದಿವಾಸಿಗಳ ಸಂಘ. ಆಮೇಲೆ ಹಾಡಿಹಾಡಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ತಯಾರಾದರು. ಅವರು ಗುರುತಿಸಿ ಕಳಿಸಿದ ರೋಗಿಗಳು ಪಟ್ಟಣದ ಆಸ್ಪತ್ರೆಗಳಿಗೆ ಹೋಗಲು ಹಿಂಜರಿದಾಗ, ನಮ್ಮದೇ ಒಂದು ಆಸ್ಪತ್ರೆ ಬೇಕು ಎಂಬ ಮಾತು ಸಮುದಾಯದಿಂದ ಹುಟ್ಟಿತು, 1990ರಲ್ಲಿ ಗೂಡಲೂರು ಆದಿವಾಸಿ ಆಸ್ಪತ್ರೆ ತೆರೆಯಿತು. ಅಲ್ಲಿನ ನರ್ಸುಗಳು ಬಹುಪಾಲು ಅದೇ ಹಾಡಿಗಳ ಹೆಣ್ಣುಮಕ್ಕಳು. ನಾವು ಸಾಮಾನ್ಯವಾಗಿ ಈ ಸರಣಿಯನ್ನು ತಿರುಗಿಸಿ ಮಾಡುತ್ತೇವೆ. ಕಟ್ಟಡ ಮೊದಲು, ಸಿಬ್ಬಂದಿ ಆಮೇಲೆ, ಕೊನೆಗೆ ಜನ ಏಕೆ ಬರುತ್ತಿಲ್ಲವೆಂದು ಅರಿವು ಶಿಬಿರ.

ಸರ್ಕಾರಿ ಕೇಂದ್ರದಲ್ಲಿರುವ ನಿಮಗೆ ಇದೆಲ್ಲ ಸಾಧ್ಯವೇ ಎಂದು ನೀವು ಕೇಳಬಹುದು. ಎಲ್ಲವೂ ಸಾಧ್ಯವಿಲ್ಲ. ಆದರೆ ಆಶಾ ಕಾರ್ಯಕರ್ತೆ ಪೋಡಿನವರೇ ಆಗಿರಬೇಕು ಎಂದು ಪಟ್ಟು ಹಿಡಿಯುವುದು ಸಾಧ್ಯ. ಓದು ಸಾಲದು ಎಂಬ ಕಾರಣಕ್ಕೆ ಪಕ್ಕದ ಊರಿನವರನ್ನು ನೇಮಿಸಿ, ಅವರು ಪೋಡಿನ ಮನೆಯೊಳಗೆ ನೀರು ಕುಡಿಯುವುದಿಲ್ಲವೆಂದು ಗೊತ್ತಿದ್ದೂ ಸುಮ್ಮನಿರುವುದು ನಮ್ಮ ವ್ಯವಸ್ಥೆಯ ಬಲು ಹಳೆಯ ಆತ್ಮವಂಚನೆ. ನಿಮ್ಮ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಪೋಡಿನ ಇಬ್ಬರು, ಅವರಲ್ಲಿ ಒಬ್ಬರಾದರೂ ಹೆಂಗಸು, ಇರುವಂತೆ ನೋಡಿಕೊಳ್ಳಿ. ಸಭೆಗೆ ಬಂದ ದಿನದ ಕೂಲಿ ಮತ್ತು ಬಸ್ ಖರ್ಚನ್ನು ಕೊಡುವ ದಾರಿ ಹುಡುಕಿ, ಇಲ್ಲದಿದ್ದರೆ ಸಹಿ ಮಾತ್ರ ಬರುತ್ತದೆ, ಮನುಷ್ಯರು ಬರುವುದಿಲ್ಲ. ವರ್ಷಕ್ಕೆರಡು ಬಾರಿಯಾದರೂ ಸಭೆಯನ್ನು ಪೋಡಿನಲ್ಲೇ, ಅವರ ನ್ಯಾಯಕಟ್ಟೆಯ ಬಳಿ ನಡೆಸಿ. ಕುರ್ಚಿ ಒಯ್ಯಬೇಡಿ.

ಈಗ ಸಿಕಲ್ ಸೆಲ್ ತಪಾಸಣೆ. ಈ ಕಾಯಿಲೆ ಭಾರತದಲ್ಲಿ ಇದೆಯೆಂದು ವಿಜ್ಞಾನಕ್ಕೆ ಮೊದಲು ಗೊತ್ತಾದದ್ದು 1952ರಲ್ಲಿ, ನಿಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರ ರಕ್ತ ಪರೀಕ್ಷೆಯಿಂದ. ರಾಷ್ಟ್ರೀಯ ನಿರ್ಮೂಲನಾ ಅಭಿಯಾನ ಆರಂಭವಾದದ್ದು 2023ರ ಜುಲೈ 1ರಂದು. ನಡುವಿನ ಎಪ್ಪತ್ತೊಂದು ವರ್ಷ ನಾವು ಇವರ ರಕ್ತದ ಬಗ್ಗೆ ಪ್ರಬಂಧ ಬರೆದದ್ದೇ ಹೆಚ್ಚು. ಅಭಿಯಾನದ ಜೊತೆಗೆ, ನಲವತ್ತು ವರ್ಷದೊಳಗಿನ ಏಳು ಕೋಟಿ ಜನರನ್ನು ಮೂರು ವರ್ಷದಲ್ಲಿ ಪರೀಕ್ಷಿಸಬೇಕೆಂಬ ಗುರಿ ಒಮ್ಮೆಗೇ ಬಂತು. ಉದ್ದೇಶ ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಆತಂಕ ಎಣಿಕೆಯದು. ತಪಾಸಣೆಯನ್ನು ಎಣಿಸುವ ಅಂಕಣವಿದೆ, ಫಲಿತಾಂಶವನ್ನು ಮನೆಗೆ ಹೋಗಿ ತಿಳಿಸಿದ್ದನ್ನು ಎಣಿಸುವುದಕ್ಕೆ ಅಷ್ಟು ಒತ್ತಡವಿಲ್ಲ.

ಕೆಲಸದ ಕ್ರಮ ಹೀಗಿರಲಿ. ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ನಿಮ್ಮ ಕೇಂದ್ರದಲ್ಲಿ ಅಥವಾ ಒಂದು ಬಸ್ಸಿನ ದೂರದಲ್ಲಿ ನಿಯಮಿತವಾಗಿ ಸಿಗುತ್ತದೆ ಎಂಬ ಖಾತರಿ ಆಗುವವರೆಗೆ ಹೊಸ ಪೋಡಿನಲ್ಲಿ ತಪಾಸಣೆ ಆರಂಭಿಸಬೇಡಿ. ಕಾಯಿಲೆ ಇದೆ, ಔಷಧಿ ಇಲ್ಲ ಎಂದು ಹೇಳಿಬರುವುದಕ್ಕಿಂತ ಹೋಗದಿರುವುದು ವಾಸಿ. ರಕ್ತ ತೆಗೆಯುವ ಮೊದಲೇ, ಇದು ಮೊದಲ ಹಂತದ ಪರೀಕ್ಷೆ, ಕೆಲವರಿಂದ ಖಚಿತಪಡಿಸಿಕೊಳ್ಳಲು ಎರಡನೆಯ ಬಾರಿ ತೆಗೆಯಬೇಕಾದೀತು ಎಂದು ತಿಳಿಸಿ. ಈ ಒಂದು ಮಾತನ್ನು ಮುಂಚಿತವಾಗಿ ಹೇಳದೆ ಎರಡನೆಯ ಬಾರಿ ಸೂಜಿ ಹಿಡಿದು ಹೋದುದರಿಂದ ‘ರಕ್ತ ಮಾರುತ್ತಾರೆ’ ಎಂಬ ಸುದ್ದಿ ಹಬ್ಬಿದ್ದನ್ನು ನಾನು ಕಂಡಿದ್ದೇನೆ. ಫಲಿತಾಂಶವನ್ನು ಗುಂಪಿನಲ್ಲಿ ಓದಬೇಡಿ. ಕಾಯಿಲೆಯ ಗುಣವನ್ನು ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಪಡೆದ ಗುಣವಾಹಕರಿಗೂ ರೋಗಿಗಳಿಗೂ ಇರುವ ವ್ಯತ್ಯಾಸ ನಮ್ಮ ಸಿಬ್ಬಂದಿಗೇ ಎಷ್ಟೋ ಬಾರಿ ಸ್ಪಷ್ಟವಿರುವುದಿಲ್ಲ. ವಾಹಕರಾದವರು ಸಾಮಾನ್ಯವಾಗಿ ಆರೋಗ್ಯವಂತರು. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದರಷ್ಟು ಕಾಯಿಲೆಯ ಸಂಭವ. ಇದನ್ನು ಬಣ್ಣದ ಕಾರ್ಡು ಹಂಚಿ ‘ಇವರನ್ನು ಮದುವೆಯಾಗಬೇಡಿ’ ಎಂಬ ಒಂದು ಗೆರೆಯ ಉಪದೇಶವಾಗಿ ಇಳಿಸಿದರೆ, ನಾಳೆ ಆ ಕಾರ್ಡು ಹೆಣ್ಣುಮಕ್ಕಳ ಕೊರಳಿಗೆ ಬೀಳುತ್ತದೆ. ಕುಲದ ಹೊರಗೆ ಮದುವೆ ಎಂಬ ನಿಯಮವನ್ನು ಸೋಲಿಗರು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಸಂಬಂಧ ನೋಡಿ ಮದುವೆ ಮಾಡುವುದು ಅವರಿಗೆ ಹೊಸ ಪಾಠವಲ್ಲ, ಆ ಮಾತನ್ನು ಹೇಳಬೇಕಾದವರು ಪೋಡಿನ ಯಜಮಾನರು ಮತ್ತು ಹಿರಿಯ ಹೆಂಗಸರು, ನಾವಲ್ಲ.

ನಾನು ಇನ್ನೊಂದು ವಿಷಯವನ್ನೂ ತಪ್ಪದೆ ಹೇಳುತ್ತೇನೆ. ಈ ಗುಣ ಇವರಲ್ಲಿ ಉಳಿದುಬಂದದ್ದು ಇದು ಮಲೇರಿಯಾದಿಂದ ಕಾಪಾಡುತ್ತಿದ್ದುದರಿಂದ. ಮಲೇರಿಯಾ ತುಂಬಿದ್ದ ಕಾಡಿನಲ್ಲಿ ಬದುಕಿ ಉಳಿದ ಹಿರಿಯರು ಬಿಟ್ಟುಹೋದ ಗುರುತು ಇದು, ಕೆಟ್ಟ ರಕ್ತವಲ್ಲ, ಶಾಪವೂ ಅಲ್ಲ. ಇದನ್ನು ಕೇಳಿದಾಗ ಜನರ ಮುಖದಲ್ಲಿ ಆಗುವ ಬದಲಾವಣೆಯನ್ನು ನೀವೇ ನೋಡುವಿರಿ.

ಸಹಿ ಅಥವಾ ಹೆಬ್ಬೆಟ್ಟು ಒತ್ತಿದ್ದರಲ್ಲ ಎಂದು ಒಪ್ಪಿಗೆಯನ್ನು ಹಗುರವಾಗಿ ಕಾಣುವವರಿಗಾಗಿ ಒಂದು ದೂರದ ಪ್ರಸಂಗ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯಲ್ಲಿ ಹವಸುಪಾಯ್ ಎಂಬ ಸಣ್ಣ ಮೂಲನಿವಾಸಿ ಸಮುದಾಯವಿದೆ. ಮಧುಮೇಹ ಹೆಚ್ಚುತ್ತಿದ್ದುದರಿಂದ 1990ರ ದಶಕದ ಆರಂಭದಲ್ಲಿ ಅವರು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ರಕ್ತ ಕೊಟ್ಟರು. ಅದೇ ರಕ್ತ ಸ್ಕಿಜೋಫ್ರೇನಿಯಾ ಎಂಬ ಮನೋರೋಗ, ಒಳಸಂಬಂಧದ ಮದುವೆ, ಪೂರ್ವಜರ ವಲಸೆ ಮುಂತಾದ ಬೇರೆ ಅಧ್ಯಯನಗಳಿಗೂ ಬಳಕೆಯಾಗಿತ್ತೆಂದು 2003ರಲ್ಲಿ ತಿಳಿದದ್ದು ಆ ಸಮುದಾಯದ ಒಬ್ಬ ಮಹಿಳೆ ವಿಶ್ವವಿದ್ಯಾಲಯದ ಒಂದು ಉಪನ್ಯಾಸದಲ್ಲಿ ಕುಳಿತಿದ್ದಾಗ. ವ್ಯಾಜ್ಯ 2010ರಲ್ಲಿ ಏಳು ಲಕ್ಷ ಡಾಲರ್ ಪರಿಹಾರದೊಂದಿಗೆ ಇತ್ಯರ್ಥವಾಯಿತು, ಉಳಿದಿದ್ದ ಮಾದರಿಗಳು ಸಮುದಾಯಕ್ಕೆ ಮರಳಿದವು. ನಮ್ಮ ಆ ಅಜ್ಜಿ ಜಗುಲಿಯ ಮೇಲೆ ಕುಳಿತು ಕೇಳಿದ್ದು ಇದೇ ಪ್ರಶ್ನೆಯನ್ನು. ಅವರಿಗೆ ವಕೀಲರಿರಲಿಲ್ಲ, ಅಷ್ಟೇ. ನಿಮ್ಮ ವ್ಯಾಪ್ತಿಗೆ ಯಾವುದೇ ಕಾಲೇಜಿನವರು ಸಂಶೋಧನೆಗೆಂದು ಬಂದರೂ, ಏನು ತೆಗೆದುಕೊಂಡು ಹೋಗುತ್ತೀರಿ, ಎಂದು ಮರಳಿ ಬಂದು ಹೇಳುತ್ತೀರಿ ಎಂದು ಪೋಡಿನ ಸಭೆಯ ಮುಂದೆ ಹೇಳಿಸಿ, ಬರೆಸಿಕೊಳ್ಳಿ.

ಗೌರವವೆಂದರೆ ಎಲ್ಲದಕ್ಕೂ ಹೂಂ ಎನ್ನುವುದೇ ಎಂದು ಕೆಲವು ಕಿರಿಯ ವೈದ್ಯರು ಕೇಳುತ್ತಾರೆ. ಅಲ್ಲ. ಹಾವು ಕಚ್ಚಿದಾಗ ಬಿಗಿದು ಕಟ್ಟುವುದನ್ನು, ಮದ್ದು ಅರೆಯುತ್ತ ಎರಡು ಗಂಟೆ ಕಳೆಯುವುದನ್ನು ನಾನು ಒಪ್ಪುವುದಿಲ್ಲ, ಅದನ್ನು ನಾಟಿ ವೈದ್ಯರ ಎದುರಿಗೇ ಹೇಳಿದ್ದೇನೆ. ಆದರೆ ಹಾಗೆ ಹೇಳುವ ಅರ್ಹತೆ ಬಂದದ್ದು, ಅವರಿಗೆ ಗೊತ್ತಿರುವ ಬೇರೆ ಹತ್ತು ವಿಷಯಗಳನ್ನು ಕುಳಿತು ಕೇಳಿದ ಮೇಲೆ, ಮತ್ತು ಪ್ರತಿವಿಷ ನಮ್ಮ ಕೇಂದ್ರದಲ್ಲಿ ನಿಜವಾಗಿಯೂ ಇದ್ದುದರಿಂದ. ಅಂಥ ವೈದ್ಯರೊಬ್ಬರು ಈಗ ಮಂತ್ರ ಹಾಕುತ್ತಲೇ 108ಕ್ಕೆ ಫೋನು ಮಾಡಿಸುತ್ತಾರೆ. ಹೆರಿಗೆಯ ವಿಷಯದಲ್ಲಂತೂ ಬದಲಾಗಬೇಕಾದವರು ನಾವು. ಕುಳಿತು ಹೆರುವ ರೂಢಿಯ ಹೆಂಗಸನ್ನು ಕಬ್ಬಿಣದ ಮೇಜಿನ ಮೇಲೆ ಅಂಗಾತ ಮಲಗಿಸಿ, ಜೊತೆಗೆ ಬಂದ ಸೂಲಗಿತ್ತಿಯನ್ನು ಗೇಟಿನಾಚೆ ನಿಲ್ಲಿಸಿ, ‘ಇವರು ಆಸ್ಪತ್ರೆಗೆ ಹೆರಿಗೆಗೆ ಬರೋದಿಲ್ಲ’ ಎನ್ನುತ್ತೇವೆ. ಹೆರುವವಳು ತನಗೆ ಒಗ್ಗುವ ಭಂಗಿಯನ್ನು ಆರಿಸಿಕೊಳ್ಳಲಿ, ತಾನು ಬಯಸಿದ ಸಂಗಾತಿಯನ್ನು ಜೊತೆಗಿರಿಸಿಕೊಳ್ಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದು ಆದಿವಾಸಿಗಳಿಗೆ ಕೊಡುವ ರಿಯಾಯಿತಿಯಲ್ಲ, ಒಳ್ಳೆಯ ವೈದ್ಯಕೀಯ. ಸೂಲಗಿತ್ತಿಯನ್ನು ಒಳಗೆ ಬಿಡಿ, ನೆಲದ ಮೇಲೆ ಒಂದು ಚಾಪೆಗೆ ಜಾಗ ಮಾಡಿ.

ಮುಂದಿನ ತಿಂಗಳ ಗುರಿಯ ಬಗ್ಗೆ ನನ್ನ ಸಲಹೆ ನಿಮಗೆ ಅಷ್ಟಾಗಿ ರುಚಿಸಲಾರದು. ಆ ಮೂರು ಪೋಡುಗಳಲ್ಲಿ ಜನವರಿಯಲ್ಲಿ ತಪಾಸಣೆ ಮಾಡಬೇಡಿ. ಕೊಯ್ಲಿನ ಅವಧಿ, ಪೋಡಿನಲ್ಲಿ ಇರುವವರ ಸಂಖ್ಯೆ ಇವನ್ನು ಬರೆದು ಮೇಲಧಿಕಾರಿಗಳಿಗೆ ಪತ್ರ ಕಳಿಸಿ, ಮಾರ್ಚಿನವರೆಗೆ ಸಮಯ ಕೇಳಿ. ಕಾರಣವನ್ನು ಲಿಖಿತವಾಗಿ ಕೊಟ್ಟರೆ ಒಪ್ಪುವ ಅಧಿಕಾರಿಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ಆ ಎರಡು ತಿಂಗಳಲ್ಲಿ, ಈಗಾಗಲೇ ರಕ್ತ ಕೊಟ್ಟವರ ಫಲಿತಾಂಶವನ್ನು, ಏನೂ ಇಲ್ಲ ಎಂದು ಬಂದವರದನ್ನೂ ಸೇರಿಸಿ, ಒಂದೊಂದು ಮನೆಗೂ ಹೋಗಿ ತಿಳಿಸಿ. ನಿಮ್ಮ ಪೂರ್ವಾಧಿಕಾರಿಗಳ ಕಾಲದಲ್ಲಿ ತೆಗೆದು ಹೇಳದೇ ಉಳಿದ ಪರೀಕ್ಷೆಗಳಿದ್ದರೆ ಅವನ್ನೂ ಹುಡುಕಿಸಿ. ಸಿಗದಿದ್ದರೆ ಸಿಗಲಿಲ್ಲ, ತಪ್ಪು ನಮ್ಮದು ಎಂದು ಪೋಡಿನಲ್ಲೇ ನಿಂತು ಹೇಳಿ. ಈ ಭೇಟಿಗೆ ಸೂಜಿಯ ಪೆಟ್ಟಿಗೆಯನ್ನು ಒಯ್ಯಬೇಡಿ, ಯಾವ ಫಾರಮ್ಮನ್ನೂ ತುಂಬಿಸಬೇಡಿ.

ಒಂದು ದಪ್ಪ ರಟ್ಟಿನ ಪುಸ್ತಕ ಇಡಿ. ಯಾವ ದಿನ, ಯಾವ ಪೋಡಿನಲ್ಲಿ, ಏನು ತೆಗೆದುಕೊಂಡೆವು, ಏನು ಮಾತು ಕೊಟ್ಟೆವು, ಎಂದು ತೀರಿಸಿದೆವು ಎಂದು ಕನ್ನಡದಲ್ಲಿ, ಪೋಡಿನ ಹುಡುಗರು ಓದಿ ಹಿರಿಯರಿಗೆ ಹೇಳಬಹುದಾದ ಕೈಬರಹದಲ್ಲಿ ಬರೆಯಿರಿ. ಸ್ವಲ್ಪ ಕಾಲದಲ್ಲೇ ನಿಮಗೆ ವರ್ಗವಾಗುತ್ತದೆ. ನಮ್ಮ ವ್ಯವಸ್ಥೆಯಲ್ಲಿ ಸಂಬಂಧಗಳು ವೈದ್ಯರ ಜೊತೆಗೇ ಬಸ್ಸು ಹತ್ತಿಹೋಗುತ್ತವೆ. ಆ ಪುಸ್ತಕದ ಒಂದು ಪ್ರತಿ ನಿಮ್ಮ ಮೇಜಿನಲ್ಲಿ, ಇನ್ನೊಂದು ಪ್ರತಿ ಪೋಡಿನ ಯಜಮಾನರ ಮನೆಯಲ್ಲಿ ಇರಲಿ. ನಿಮ್ಮ ನಂತರ ಬರುವ ವೈದ್ಯರ ಮೊದಲ ಭೇಟಿಯಲ್ಲಿ ಅವರು ಅದನ್ನು ತೆರೆದು ಮುಂದಿಡುತ್ತಾರೆ.